ಮೊದಲ ನೀರಿಗೆ ಬರೀ ದಾರ

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಮುಂಡರಗಿಯ ಕಚೇರಿಯಲ್ಲಿ ನನಗೆ ‘ಮೆಣಸಿನಕಾಯಿ ಧೀರೇಂದ್ರ’ ಎಂದು ಹೆಸರಿಟ್ಟಿದ್ದಾರೆ. ಇಟ್ಟವರು ಯಾರೆಂದೂ ಗೊತ್ತು, ಇರಲಿ. ಬಿ.ಪಿ. ಏರಿದಾಗ ಡಾಕ್ಟರು, “ವಾರಕ್ಕೊಮ್ಮೆ ನೀರಿನ ದಂಡಿಗೆ ಹೋಗಿ ಸುಮ್ಮನ ಕೂಡ್ರಿ” ಅಂದರು. ಸುಮ್ಮನೆ ಕೂಡುವುದು ನನ್ನಿಂದ ಆಗುವ ಮಾತೇ? ಕೈಗೆ ಏನಾದರೂ ಬೇಕು ಎಂದು ರೀಲು ಇರುವ ಒಂದು ಗಾಳದ ಕೋಲು ಕೊಂಡೆ. ಶನಿವಾರ ಮಧ್ಯಾಹ್ನ ಕಚೇರಿ ಬಿಟ್ಟು ತುಂಗಭದ್ರೆಯ ದಂಡೆಗೆ, ಸಿಂಗಟಾಲೂರಿಗೆ ಹೋಗಲು ಶುರು ಮಾಡಿದೆ.

ಮನೆಯಲ್ಲಿ ಮಾತ್ರ ಅಲ್ಲಿಯ ಗುಡಿಯ ವೀರಭದ್ರನ ದರ್ಶನಕ್ಕೆ ಎಂದು ಹೇಳುತ್ತಿದ್ದೆ. ನನ್ನ ಹೆಂಡತಿ ಆರತಿ ಎರಡು ತಿಂಗಳು ಸುಮ್ಮನಿದ್ದು, “ನಮ್ಮ ಮನಿ ಗಂಡಸರಿಗೆ ರಾಯರ ಮಠಾ ಬಿಟ್ಟು ವೀರಭದ್ರನ ಮ್ಯಾಲೆ ಇಷ್ಟು ಭಕ್ತಿ ಯಾವಾಗಿಂದ ಬಂತು?” ಎಂದು ಕೇಳಿದಳು. ಒಪ್ಪಿಕೊಂಡೆ. ನಾನು ಮೀನು ತಿನ್ನುವವನಲ್ಲ, ಹಿಡಿದು ಬಿಡುವವನು ಅಂದೆ. “ತಿನ್ನೂದಿಲ್ಲಂದ್ರ ಆ ಮೂಕಪ್ರಾಣಿ ಬಾಯಿಗೆ ಯಾಕ ಚುಚ್ಚತೀರಿ?” ಅಂದಳು. ನಾನು ಕೋಲು ಎತ್ತಿಕೊಂಡು ಬಸ್ಸಿಗೆ ಹೊರಟೆ.

ಆದರೆ ನಾನು ಹೇಳಬೇಕೆಂದಿರುವುದು ಗದಿಗೆವ್ವನ ವಿಷಯ. ಅವರನ್ನು ನಾನು ಕಂಡದ್ದೂ ನನ್ನ ಸಿಟ್ಟಿನ ದೆಸೆಯಿಂದಲೇ. ಹೊಸ ನೈಲಾನ್ ದಾರವನ್ನು ರೀಲಿಗೆ ನಾನೇ ಸುತ್ತಿಕೊಂಡು ಹೋಗುತ್ತಿದ್ದೆ. ಮೊದಲ ಸಲ ಎಸೆದದ್ದೇ ತಡ, ದಾರ ಉಂಗುರ ಉಂಗುರವಾಗಿ ಎದ್ದು ತನ್ನ ಕುತ್ತಿಗೆಗೆ ತಾನೇ ಸುತ್ತಿಕೊಂಡು ಗೋಜಲಾಗಿ ಕುಳಿತುಬಿಡುತ್ತಿತ್ತು. ಬಿಡಿಸುತ್ತ ಕುಳಿತರೆ ಹೊತ್ತು ಮುಳುಗುತ್ತಿತ್ತು. ಮೂರನೇ ಸಲ ಹೀಗಾದಾಗ ಕೋಲನ್ನು ಹಿಡಿದುಕೊಂಡೇ ಗದಗಿನ ಟಾಂಗಾಕೂಟದ ಹತ್ತಿರ ಯೂಸುಫನ ಅಂಗಡಿಗೆ ಹೋಗಿ ಜಗಳ ತೆಗೆದೆ. ಯೂಸುಫ ಛತ್ರಿ, ಬ್ಯಾಟರಿ, ಗಾಳದ ಸಾಮಾನು ಮಾರುವವನು. ನನ್ನ ಕೂಗಾಟವನ್ನೆಲ್ಲ ಕೇಳಿ, ಹಲ್ಲುಕಡ್ಡಿ ಬಾಯಿಂದ ತೆಗೆದು ಹೇಳಿದ:

“ಸಾಹೇಬ್ರ, ದಾರದ್ದೇನೂ ತಪ್ಪಿಲ್ಲ, ಸುತ್ತಿದವ್ರದ್ದು ತಪ್ಪು. ಬೆಟಗೇರಿಗೆ ಹೋಗ್ರಿ. ನೇಕಾರ ಓಣ್ಯಾಗ ಗದಿಗೆವ್ವ ಅಂತ ಕೇಳ್ರಿ. ಲಕ್ಷ್ಮೇಶ್ವರ, ಶಿರಹಟ್ಟಿ ಮಂದೀನೂ ಅಲ್ಲೇ ಬರ್ತಾರ ಸುತ್ತಿಸಿಕೊಳ್ಳಾಕ.”

“ನೇಕಾರ್ತಿ ಮೀನಿನ ದಾರ ಸುತ್ತತಾಳ? ಅದೂ ಲಿಂಗವಂತರಾಕಿ?”

“ಸುತ್ತತಾರ. ಆದ್ರ ಅವರದೊಂದು ಕಟ್ಟಳೆ ಐತಿ. ಹೋಗ್ರಿ, ಅವರ ಬಾಯಿಲೇ ಕೇಳ್ರಿ.”

ಗದಿಗೆವ್ವ ಅರವತ್ತರ ಆಸುಪಾಸಿನ, ಒಣಗಿದ ಮೈಯ ಹೆಂಗಸು. ಹಣೆಯ ಮೇಲೆ ಕುಂಕುಮ, ಕೈತುಂಬ ಹಸಿರು ಬಳೆ, ಕೊರಳಲ್ಲಿ ಶಿವದಾರದ ತುದಿಗೆ ಲಿಂಗದ ಕರಡಿಗೆ. ಏಳು ವರ್ಷದವರಿದ್ದಾಗ ತಂದೆಯ ಮನೆಯಲ್ಲಿ ರಾಟಿಯ ಮುಂದೆ ಕುಳಿತವರು ಅದೇ ಓಣಿಯ ಚನ್ನಬಸವಣ್ಣನನ್ನು ಮದುವೆಯಾಗಿ, ನಾಲ್ಕು ಮನೆ ದಾಟಿ ಇನ್ನೊಂದು ರಾಟಿಯ ಮುಂದೆ ಕುಳಿತರು. ಗಂಡ ನೇಯುವುದು, ಹೆಂಡತಿ ನೂಲನ್ನು ಲಾಳಿಯೊಳಗಿನ ಕಂಡಿಕೆಗೆ ಸುತ್ತಿ ಕೊಡುವುದು. ಮಕ್ಕಳಾಗಲಿಲ್ಲ. ಬದುಕು ಅಷ್ಟೇ, ಅವರೇ ಹೇಳುವ ಹಾಗೆ “ಒಂದ ಎಳಿದು.”

ಒಳಗೆ ಕಾಲಿಟ್ಟ ಕೂಡಲೇ ನನ್ನ ಕಣ್ಣಿಗೆ ಬಿದ್ದದ್ದು ಕುಣಿಮಗ್ಗ. ನೇಕಾರ ಕಾಲು ಇಳಿಬಿಟ್ಟು ಕೂಡುವ ಕುಣಿ ಖಾಲಿ ಇತ್ತು. ಮಗ್ಗದ ಮೇಲೆ ಅರ್ಧ ನೇಯ್ದ ಕೆಂಪು ಅಂಚಿನ ಸೀರೆ. ಹಾಸಿನ ಎಳೆಗಳ ಮೇಲೆ ಧೂಳು ಕುಳಿತು ಬಣ್ಣವೇ ಗೊತ್ತಾಗುತ್ತಿರಲಿಲ್ಲ. ಆದರೆ ಲಾಳಿಯನ್ನು ಮಾತ್ರ ದಿನಾ ಒರೆಸುತ್ತಿದ್ದಂತೆ ಇತ್ತು, ಮಿರಿ ಮಿರಿ ಮಿಂಚುತ್ತಿತ್ತು. ಅದು ಎಡಗಡೆಗೆ ಇತ್ತು. ನಾನು ಕುತೂಹಲದಿಂದ ಕೈ ಚಾಚಿದೆ.

“ಮುಟ್ಟಬ್ಯಾಡ್ರಿ ರಾಯರ” ಅಂದರು ಗದಿಗೆವ್ವ, ದನಿ ಏರಿಸದೆ. “ಮನಿಯವರು ಹೊರಗ ಹೋಗ್ಯಾರ.”

ಎಲ್ಲೋ ಸಂತೆಗೆ ಹೋಗಿರಬೇಕು ಅಂದುಕೊಂಡೆ.

ಅವರು ಸುತ್ತುವುದನ್ನು ನಿಜಕ್ಕೂ ನೋಡಬೇಕಿತ್ತು. ರೀಲಿನಲ್ಲಿದ್ದ ನನ್ನ ಗೋಜಲಾದ ದಾರವನ್ನೆಲ್ಲ ಬಿಚ್ಚಿ ಬಿಸಾಡಿದರು. ನಾನು ಒಯ್ದಿದ್ದ ಹೊಸ ದಾರದ ಉರುಳಿಯನ್ನು ಕೋಲಿನ ಕೆಳಗೆ ನೆಲದ ಮೇಲೆ ಮಲಗಿಸಿ, ದಾರದ ತುದಿಯನ್ನು ಕೋಲಿನ ಉಂಗುರದೊಳಗಿಂದ ಹಾಯಿಸಿ ರೀಲಿಗೆ ಕಟ್ಟಿದರು. ಒದ್ದೆ ಅರಿವೆಯಲ್ಲಿ ದಾರವನ್ನು ಎರಡು ಬೆರಳಿನಿಂದ ಹಿಡಿದು ಇಪ್ಪತ್ತು ಸುತ್ತು ಸುತ್ತಿ ನಿಲ್ಲಿಸಿದರು. ಹಿಡಿತ ಸಡಿಲಿಸಿ ನೋಡಿದರು. ದಾರ ಸಣ್ಣಗೆ ತಿರುಚಿಕೊಂಡು ಉಂಗುರವಾಗತೊಡಗಿತು.

“ನೋಡಿದ್ರಿ? ಹುರಿ ಏರಾಕ ಹತ್ತೈತಿ” ಎಂದು ಉರುಳಿಯನ್ನು ಮಗುಚಿ ಇನ್ನೊಂದು ಮಗ್ಗುಲಿಗೆ ಮಲಗಿಸಿದರು. ಮತ್ತೆ ಸುತ್ತಿ ಸಡಿಲಿಸಿದಾಗ ದಾರ ಸತ್ತಂತೆ ನೇರವಾಗಿ ಬಿದ್ದುಕೊಂಡಿತು.

“ದಾರಕ್ಕ ನೆನಪು ಇರತೈತ್ರಿ. ಗಿರಣ್ಯಾಗ ಯಾವ ಮಗ್ಗಲಾಗಿ ಸುತ್ತ್ಯಾರೋ ಅದೇ ಮಗ್ಗಲಾಗಿ ಮಲಗಬೇಕಂತೈತಿ. ಎದುರ ಸುತ್ತಿದ್ರ ಆಗ ಸುತ್ತಿಸಿಕೊಂತೈತಿ, ಮರೆಯಂಗಿಲ್ಲ. ನೀರಿಗೆ ಬಿದ್ದಕೂಡ್ಲೆ ಎದ್ದು ಕುಂದರತೈತಿ.”

ರೀಲಿನ ಅಂಚಿಗೆ ಒಂದು ಜೋಳದ ಕಾಳಿನಷ್ಟು ಜಾಗ ಬಿಟ್ಟು ಸುತ್ತುವುದನ್ನು ನಿಲ್ಲಿಸಿದರು. ಅಷ್ಟುದ್ದಕ್ಕೂ ಒಂದೊಂದು ಗೇಣು ದಾರವನ್ನೂ ಅವರ ಬೆರಳು ಮುಟ್ಟಿ ನೋಡಿಯೇ ಒಳಗೆ ಬಿಟ್ಟಿತ್ತು. ಕೂಲಿ ಎಷ್ಟು ಅಂದರೆ, “ಒಂದು ತೆಂಗಿನಕಾಯಿ ತಂದುಕೊಡ್ರಿ” ಅಂದರು. ಆಮೇಲೆ ಆ ಕಟ್ಟಳೆ.

“ಮೊದಲನೇ ನೀರಿಗೆ ಬರೀ ದಾರ ಬಿಡಬೇಕು. ಗಾಳ ಕಟ್ಟಬಾರದು, ಗುಂಡು ಕಟ್ಟಬಾರದು. ಸಿಂಗಟಾಲೂರ ಮೆಟ್ಟಲ ಮ್ಯಾಲ ನಿಂತು ಹರಿಯೂ ನೀರಿಗೆ ಪೂರಾ ಬಿಟ್ಟು ಹಂಗ ತಿರುಗಿ ಸುತ್ತಬೇಕು. ಸುತ್ತಿದ್ದನ್ನ ತಂದು ನನಗ ತೋರಸಬೇಕು. ಆಮ್ಯಾಲ ನೀವುಂಟು, ಮೀನುಂಟು.”

“ಯಾಕ?”

“ಉಳಿದ ಹುರಿ ನೀರಾಗ ಬಿಚ್ಚಿ ಹೋಗತೈತಿ.”

ಇದು ಖರೆ. ಗಾಳವಿಲ್ಲದ ದಾರ ಹರಿವಿನಲ್ಲಿ ತಾನೇ ತಿರುಗಿ ನೇರಾಗುತ್ತದೆ. “ಅಷ್ಟಾದ್ರ ಸಾಕಲ್ಲ, ನಿಮಗ್ಯಾಕ ತೋರಸಬೇಕು?” ಅಂದೆ.

“ನೋಡಬೇಕ್ರಿ” ಅಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು. ಮೀನು ಮುಟ್ಟಿದ ದಾರ ಲಿಂಗ ಕಟ್ಟಿದವರ ಮನೆಯೊಳಗೆ ಬರಬಾರದೆಂದು ಹೀಗೆ ಮಾಡುತ್ತಿರಬೇಕು ಎಂದು ನಾನೇ ಅರ್ಥ ಮಾಡಿಕೊಂಡೆ. ಅರೆಬರೆ ತಿಳಿದವನ ಜಾಣತನ.

ಆ ಶನಿವಾರ ಮೂರು ಗಂಟೆಯ ಬಿಸಿಲಿನಲ್ಲಿ ವೀರಭದ್ರನ ಗುಡಿಯ ಕೆಳಗಿನ ಮೆಟ್ಟಿಲ ಮೇಲೆ ನಿಂತು ಬರೀ ದಾರ ಬಿಟ್ಟೆ. ನನ್ನ ಬಲಗಡೆಗೆ ಹೊಳೆ ಹರಿದುಹೋಗುತ್ತಿತ್ತು. ದಾರವೂ ಬಲಕ್ಕೆ ತೇಲುತ್ತ ಹೋಯಿತು. ಅರ್ಧಕ್ಕಿಂತ ಹೆಚ್ಚು ಹೋದ ಮೇಲೆ ನಿಂತಿತು. ಗಾಳಿ ಇರಲಿಲ್ಲ. ಹಕ್ಕಿಯ ದನಿಯೂ ಇರಲಿಲ್ಲ. ಆಮೇಲೆ ದಾರ ನಿಧಾನವಾಗಿ ಎಡಕ್ಕೆ, ಹರಿವಿನ ಎದುರಿಗೆ ಸರಿಯತೊಡಗಿತು. ಎಳೆತ ಜೋರಿರಲಿಲ್ಲ. ಮಗ್ಗುಲಲ್ಲಿ ಕುಳಿತವರು ನಮ್ಮ ಅಂಗಿಯ ಚುಂಗು ಹಿಡಿದು ‘ಇಲ್ಲಿ ಕೇಳು’ ಎನ್ನುವಾಗ ಎಳೆಯುವಷ್ಟು.

ಗಾಳವಿಲ್ಲದ ದಾರವನ್ನು ಯಾವ ಮೀನು ಹಿಡಿಯುತ್ತದೆ? ಸುಳಿ ಇರಬೇಕು ಎಂದು ಬೈದುಕೊಂಡು ಸರಸರ ಸುತ್ತಿ ಸಿಕ್ಕ ಮೊದಲ ಬಸ್ಸಿಗೆ ಬಂದುಬಿಟ್ಟೆ. ಬಸ್ಸಿನಲ್ಲಿ ನೋಡಿಕೊಂಡರೆ ತೋಳಿನ ಕೂದಲೆಲ್ಲ ನಿಂತಿದ್ದವು.

ಮರುದಿನ ಗದಿಗೆವ್ವ ದಾರದ ತುದಿಯನ್ನು ಹಿಡಿದು ಮಾರು ಮಾರು ಹೊರಗೆಳೆದು ನೋಡಿದರು. ಬೆರಳಿನಿಂದ ಸವರಿ, ಆಮೇಲೆ ಕೆಳದುಟಿಗೆ ತಾಗಿಸಿ ಎಳೆದರು. ಏನು ಹುಡುಕುತ್ತಿದ್ದಾರೆಂದು ತಿಳಿಯದೆ ನಾನು ನಗೆಯಾಡಿದೆ: “ನಿಮ್ಮ ದಾರ ಭಾಳ ಚೊಲೋ ಅದ, ಆದ್ರ ಹೊಳಿಗೇ ತಲಿ ಕೆಟ್ಟದ. ನೀರು ಬಲಕ್ಕ ಹರಿದ್ರ ದಾರ ಎಡಕ್ಕ ಹೋತು.”

ದಾರ ಅವರ ತುಟಿಯ ಮೇಲೇ ನಿಂತಿತು.

“ಯಾವ ಕಡೆ ಅಂದ್ರಿ?”

“ಎಡಕ್ಕ. ಯಾರೋ ಹಿಡಕೊಂಡು ಹೋದಂಗ.”

ಗದಿಗೆವ್ವ ರೀಲನ್ನು ಕೆಳಗಿಟ್ಟರು. ಬಾಗಿಲು ಮುಂದೆ ಮಾಡಿ ಬಂದು ಕುಳಿತರು. ಗೋಡೆಯ ಗೂಡಿನಿಂದ ಒಂದು ಬೆಳ್ಳಿಯ ಕರಡಿಗೆಯನ್ನು ತಂದು ತೊಡೆಯ ಮೇಲಿಟ್ಟುಕೊಂಡರು. ಅವರದು ಅವರ ಕೊರಳಲ್ಲೇ ಇತ್ತು. ಇದು ಇನ್ನೊಬ್ಬರದು. ಅದಕ್ಕೆ ಹೊಸ ಶಿವದಾರ ಕಟ್ಟಿತ್ತು. ಹೊಸದಾದರೂ ಇಟ್ಟಲ್ಲೇ ಹಳದಿಯಾಗಿತ್ತು.

“ಹನ್ನೊಂದು ವರ್ಷ ಆತ್ರಿ” ಅಂದರು. “ಸಂಕ್ರಮಣದ ದಿನ. ಜಳಕಕ್ಕಂತ ಹೋಗಿದ್ವಿ. ಮನಿಯವರು ಎಳ್ಳು ಅರದು ಮೈಗೆ ಹಚ್ಚಿಗೊಂಡ್ರು. ಶಿವದಾರ ಜೂಲು ಬಿಟ್ಟಿತ್ತು. ‘ನೀರಾಗ ಹರಕೊಂಡು ಲಿಂಗ ಹೋದೀತು, ನೀ ಹಿಡಕೋ, ನಾ ಎರಡು ಮುಳುಗು ಹಾಕಿ ಬರ್ತೀನಿ, ಅಷ್ಟ್ರಾಗ ಹೊಸಾ ದಾರ ಹೊಸೆದು ಇಡು’ ಅಂದ್ರು. ನಾ ಮೆಟ್ಟಲ ಮ್ಯಾಲ ಕುಂತು ದಾರ ಹೊಸ್ಯಾಕ ಹತ್ತಿದ್ನಿ. ದಾರದ ಕಡೆ ನೋಡಿದ್ನಿ ರಾಯರ, ಹೊಳಿ ಕಡೆ ನೋಡಲಿಲ್ಲ. ದಾರ ಮುಗದ ಮ್ಯಾಲ ತಲಿ ಎತ್ತಿದ್ನಿ. ಹೊಳಿ ಇತ್ತು. ಅವರಿರಲಿಲ್ಲ.”

ಹರಿಗೋಲಿನವರು ಮೂರು ದಿನ ಹುಡುಕಿದ್ದರು. ಹೆಣ ಸಿಗಲಿಲ್ಲ. ಬಂಧುಗಳು ‘ಹೋದ ಅಂತ ತಿಳಕೊಂಡು ಮುಂದಿನದು ಮಾಡಿಬಿಡು’ ಅಂದರೆ ಗದಿಗೆವ್ವ ಒಪ್ಪಲಿಲ್ಲ. ಬದುಕಿದ್ದರೆ? ತಲೆಗೆ ಪೆಟ್ಟು ಬಿದ್ದು ಎಲ್ಲೋ ದಂಡೆಗೆ ಹತ್ತಿ, ಯಾವುದೋ ಊರಿನಲ್ಲಿ ಹೆಸರು ಮರೆತು ಕುಳಿತಿದ್ದರೆ? ಒಂದಲ್ಲ ಒಂದು ದಿನ ಬಂದು ‘ನನ್ನ ಲಿಂಗ ಕೊಡು’ ಅಂದರೆ?

“ಇದ್ರ ಇದು ಗೂಡಿನ್ಯಾಗ ಇರಬೇಕು. ಹೋಗಿದ್ರ ಅವರ ಎಡಗೈಯಾಗ ಇರಬೇಕು. ಲಿಂಗ ಇಲ್ದ ಮಣ್ಣಿಗೆ ಹೋಗಬಾರದ್ರಿ ನಮ್ಮಾಗ. ಇವರು ಮಣ್ಣಿಗೂ ಹೋಗಲಿಲ್ಲ, ಲಿಂಗಾನೂ ಇಲ್ಲ. ಬರಿಗೈಲೆ ನೀರಾಗ ಕುಂತಾರೋ ಏನೋ. ಅದಕ್ಕ ಕೇಳತೀನಿ.”

“ಯಾರನ್ನ ಕೇಳತೀರಿ?”

ಗದಿಗೆವ್ವ ರೀಲಿನ ಕಡೆ ನೋಡಿದರು. ಆಗ ನನಗೆ ತಿಳಿಯಿತು. ಲಕ್ಷ್ಮೇಶ್ವರದವರ ದಾರ, ಶಿರಹಟ್ಟಿಯವರ ದಾರ, ನನ್ನ ದಾರ, ಹನ್ನೊಂದು ವರ್ಷದಲ್ಲಿ ಅವರು ಸುತ್ತಿಕೊಟ್ಟ ಎಲ್ಲರ ದಾರಗಳೂ ಮೊದಲ ನೀರಿಗೆ ಹೋಗಿ ಆ ಮೆಟ್ಟಿಲ ಮುಂದೆ ಗಂಡನನ್ನು ಕೇಳಿ ಬಂದಿದ್ದವು.

“ನೇಕಾರ ಮನುಷ್ಯಾ. ಕೈಗೆ ಎಳಿ ಸಿಕ್ರ ಸುಮ್ಮನ ಬಿಡಂಗಿಲ್ಲ. ಹರದಿದ್ದು ಕಂಡ್ರ ಗಂಟು ಹಾಕತಾರ. ಅವರು ಎಡಚರು. ಅವರ ಗಂಟಿನ ಚುಂಗು ಎಡಕ್ಕ ಬೀಳತಿತ್ತು, ನಮ್ಮ ಓಣ್ಯಾಗ ಅಂಥಾ ಗಂಟು ಇನ್ನೊಬ್ಬರು ಹಾಕತಿರಲಿಲ್ಲ. ಅದೊಂದು ಗಂಟು ಬಂದ್ರ ಸಾಕು, ನನಗ ಖಬರ ಮುಟ್ಟಿತು.”

ಅವತ್ತು ಅವರು ನನಗೆ ಆ ಗಂಟನ್ನು ಹಾಕಿ ತೋರಿಸಿದರು. ಹರಿದ ಎರಡು ತುದಿಗಳನ್ನು ಕೂಡಿಸುವ ನೇಕಾರರ ಗಂಟು, ಎಳ್ಳಿನ ಕಾಳಿಗಿಂತ ಸಣ್ಣದು, ಮಗ್ಗದ ಹಣಿಗೆಯೊಳಗೆ ತಡೆಯದೆ ಹಾದುಹೋಗುತ್ತದೆ. ನಾನು ಹತ್ತು ಸಲ ಹಾಕಿ ಕಲಿತೆ. ಹಾಕಿದ್ದನ್ನು ಬಿಚ್ಚಲು ಹೋದರೆ ಬರಲೊಲ್ಲದು.

“ಬಿಚ್ಚೂ ಗಂಟಲ್ಲರಿ ಇದು. ಕತ್ತರಿಸಬೇಕು. ಬಿಚ್ಚತಿದ್ದವರು ಒಬ್ಬರ, ಮನಿಯವರು. ಎಡಗೈ ಹೆಬ್ಬೆರಳ ಉಗುರಿಲೆ.”

ಎದ್ದು ಹೊರಟಾಗ ಅವರು ತಮ್ಮ ಬೆರಳುಗಳನ್ನು ಚಾಚಿ ತೋರಿಸಿದರು. “ಸಕ್ಕರಿ ಬ್ಯಾನಿ. ಬೆರಳು ಜೋಮು ಹಿಡ್ಯಾಕ ಹತ್ಯಾವ. ತುಟಿಲೆ ನೋಡತೀನಿ, ಅದೂ ಎಷ್ಟು ದಿನವೋ. ನಾ ಹೋದ್ರ ನನ್ನ ಎಡಗೈಯಾಗ ನನ್ನ ಲಿಂಗ ಇಡತಾರ. ಇದನ್ನ ಯಾರ ಕೈಯಾಗ ಇಡತಾರ್ರಿ?”

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕಚೇರಿಯಲ್ಲಿ ಫೈಲು ತೆರೆದರೆ ಅದೇ. ಊಟಕ್ಕೆ ಕುಳಿತರೆ ಅದೇ. ಆರತಿಗೆ ಹೇಳಿದೆ. ಅವಳು ಅನ್ನ ಬಡಿಸುವುದನ್ನು ನಿಲ್ಲಿಸಿ, “ಯಾರರೆ ಆಕಿಗೆ ಹೌದು ಅಂತ ಹೇಳಬಾರದ? ಪಾಪ, ಒಂದು ಕಡೆ ಆದ್ರೂ ಆಗತಿತ್ತು” ಅಂದಳು.

ನಾನು ಮಾಡಿದ್ದು ಅಲ್ಲಿಂದ ಶುರುವಾಯಿತು. ತಪ್ಪನ್ನು ಹೆಂಡತಿಯ ಮೇಲೆ ಹಾಕುವುದಿಲ್ಲ, ಅವಳು ಮಾತಾಡಿದಳು, ಮಾಡಿದವನು ನಾನು.

ಸಂಕ್ರಮಣಕ್ಕೆ ಎಂಟು ದಿನ ಇರುವಾಗ ಹೊಸ ದಾರ ತಂದು ಗದಿಗೆವ್ವನ ಕೈಯಿಂದ ಸುತ್ತಿಸಿಕೊಂಡೆ. ನನ್ನ ಎದುರಿಗೇ ಅವರು ಪೂರಾ ದಾರವನ್ನು ಬೆರಳಿನಿಂದಲೂ ತುಟಿಯಿಂದಲೂ ನೋಡಿ ಸುತ್ತಿದರು. ಒಂದೇ ಅಖಂಡ ದಾರ, ಎಲ್ಲಿಯೂ ಗಂಟಿರಲಿಲ್ಲ. ಸಿಂಗಟಾಲೂರಿಗೆ ಹೋಗಿ ಬರೀ ದಾರ ಬಿಟ್ಟೆ. ಈ ಸಲ ಅದು ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ನೇರ ಹೊಳೆಯ ನಡುವಿಗೆ ಹೋಗಿ ನಿಂತಿತು. ಬಹಳ ಹೊತ್ತು ನಿಂತಿತು. ನಾನು ಸುತ್ತತೊಡಗಿದೆ. ದಾರ ಇನ್ನೇನು ಮುಗಿಯಿತು ಅನ್ನುವಾಗ ಒದ್ದೆ ಅರಿವೆಯೊಳಗೆ ನನ್ನ ಬೆರಳಿಗೆ ಟಕ್ಕೆಂದು ಏನೋ ತಾಕಿತು. ಪಾಚಿ ಅಂದುಕೊಂಡು ಸುತ್ತಿಬಿಟ್ಟೆ.

ಆಮೇಲೆ ಮೆಟ್ಟಿಲ ಮೇಲೆ ಕುಳಿತು, ತುದಿಯಿಂದ ಒಂದು ಮೊಳ ಬಿಟ್ಟು ದಾರವನ್ನು ಹಲ್ಲಿನಿಂದ ಕಡಿದು, ನೇಕಾರರ ಗಂಟು ಹಾಕಿ ಮತ್ತೆ ಕೂಡಿಸಿದೆ. ಚುಂಗು ಎಡಕ್ಕೆ ಬೀಳಬೇಕೆಂದು ತಿಣುಕಿದೆ, ಆಗಲಿಲ್ಲ. ಬಲಕ್ಕೇ ಬಿತ್ತು. ಜೋಮು ಹಿಡಿದ ಬೆರಳಿಗೆ ಎಡ ಬಲ ಎಲ್ಲಿ ಗೊತ್ತಾಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಎಂಥ ಹಲ್ಕಾ ಬುದ್ಧಿ ನನ್ನದು! ಒಳ್ಳೆಯದನ್ನೇ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಬೆಟಗೇರಿಯಲ್ಲಿ ರೀಲನ್ನು ಕೈಗೆ ಕೊಟ್ಟು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತ ಕುಳಿತೆ. ಗದಿಗೆವ್ವ ತುದಿಯನ್ನು ಹಿಡಿದು ತುಟಿಗೆ ತಾಗಿಸಿ ಎಳೆದರು. ಒಂದು ಮೊಳಕ್ಕೆ ನಿಂತರು. ಗಂಟನ್ನು ತುಟಿಯ ಮೇಲೆ ಆ ಕಡೆ ಈ ಕಡೆ ಹೊರಳಿಸಿದರು. ಅವರು ನಕ್ಕರು.

“ರಾಯರ, ಇದು ನೀವು ಹಾಕಿದ್ದು.”

“ನಾನ್ಯಾಕ—”

“ಬಲಗೈ ಗಂಟು. ಕಲಿಸಿದಾಕಿ ನಾನ, ನನಗ ತಿಳಿಯಂಗಿಲ್ಲೇನು? ಅದೂ ಹಲ್ಲಿಲೆ ಕಡದೀರಿ, ತುದಿ ಜಜ್ಜೈತಿ. ಸುಳ್ಳು ಹೇಳಾಕೂ ಕೈಗುಣ ಬೇಕ್ರಿ.”

ನೆಲ ಬಾಯಿಬಿಡಬಾರದೇ ಅನ್ನಿಸಿತು. ತಪ್ಪಾಯಿತು ಅಂದೆ. ನಿಮ್ಮ ಸಂಕಟ ನೋಡಲಾಗದೆ ಮಾಡಿದೆ ಅಂದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು, ನಾಚಿಕೆಯೇನಿಲ್ಲ ಹೇಳಲು. ಗದಿಗೆವ್ವ ಬೈಯಲಿಲ್ಲ. ಮಾತಾಡುತ್ತಲೇ ದಾರವನ್ನು ಎಳೆಯುತ್ತಿದ್ದರು, ಅಭ್ಯಾಸಬಲ. “ಇರಲಿ ಬಿಡ್ರಿ. ಮನಸು ಚೊಲೋದೈತಿ ನಿಮ್ದು, ಕೈ ಅಷ್ಟ—”

ಮಾತು ನಿಂತಿತು. ಮೂರು ಮಾರು ದಾರ ಹೊರಗೆ ಬಂದಿತ್ತು. ದಾರವನ್ನು ಬೆಳಕಿಗೆ ಹಿಡಿದು ನನ್ನ ಕಡೆ ಚಾಚಿದರು.

“ಇದನ್ನ ಯಾವಾಗ ಹಾಕಿದ್ರಿ?”

ನೋಡಿದೆ. ದಾರ ಅಲ್ಲಿ ಹರಿದು ಮತ್ತೆ ಕೂಡಿತ್ತು. ಎಳ್ಳಿಗಿಂತ ಸಣ್ಣ ಗಂಟು. ನನ್ನದು ಅದರ ಮುಂದೆ ಕಡಲೆಕಾಳಿನಷ್ಟಿತ್ತು. ಚುಂಗು ಎಡಕ್ಕೆ ಬಿದ್ದಿತ್ತು.

“ನಾ ಹಾಕಿದ್ದು ಒಂದ” ಅಂದೆ. “ಗದಿಗೆವ್ವಾರ, ನಮ್ಮ ದೇವರಾಣಿ, ನಾ ಒಂದ ಗಂಟು ಹಾಕೀನಿ.”

ಒದ್ದೆ ಅರಿವೆಯೊಳಗೆ ತಾಕಿದ ಆ ಟಕ್ ಆಗ ನೆನಪಾಯಿತು. ಹೊರಗೆ ಓಣಿಯಲ್ಲಿ ಯಾರದೋ ಮನೆಯ ವಿದ್ಯುತ್ ಮಗ್ಗ ಖಟಖಟ ಓಡುತ್ತಿತ್ತು. ಒಳಗೆ ಆ ಖಾಲಿ ಕುಣಿಯ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ.

ಗದಿಗೆವ್ವ ಅಳುತ್ತಾರೆ ಅಂದುಕೊಂಡಿದ್ದೆ. ಅಳಲಿಲ್ಲ. ಆ ಗಂಟನ್ನು ತುಟಿಗೆ ಒತ್ತಿಕೊಂಡರು. ಆಮೇಲೆ ಕತ್ತರಿ ತಂದು ನನ್ನ ಗಂಟಿದ್ದ ತುದಿಯನ್ನು ಕತ್ತರಿಸಿ ನನ್ನ ಅಂಗೈಯಲ್ಲಿಟ್ಟರು. “ಇದು ಸುಳ್ಳು, ಇದಕ್ಕ ಲಿಂಗ ಕಟ್ಟಾಕ ಬರಂಗಿಲ್ಲ. ನೀವು ಒಯ್ಯಿರಿ. ಕರಿ ದಿನ ನನ್ನ ಕೂಡ ಹೊಳಿಗೆ ಬರ್ತೀರೇನು?”

ಕರಿ ಎಂದರೆ ಸಂಕ್ರಮಣದ ಮರುದಿನ. ನಮ್ಮ ಕಡೆ ಅವತ್ತು ಯಾರೂ ಒಳ್ಳೆಯ ಕೆಲಸಕ್ಕೆ ಕೈ ಹಾಕುವುದಿಲ್ಲ, ಪ್ರಯಾಣ ಹೊರಡುವುದಿಲ್ಲ. “ಕರಿ ದಿನ ಯಾಕ್ರೀ? ಸಂಕ್ರಮಣಕ್ಕೇ ಹೋಗೋಣ” ಅಂದೆ.

“ಸಂಕ್ರಮಣಕ್ಕ ಗದ್ದಲ. ಹನ್ನೊಂದು ವರ್ಷದ ಹಿಂದ ಗದ್ದಲದಾಗ ಕಳಕೊಂಡೀನಿ. ಈ ಸಲ ಕಣ್ಣು ಕೀಳಂಗಿಲ್ಲ.”

ಕರಿಯ ದಿನ ಮುಂಡರಗಿಯಿಂದ ಸಿಂಗಟಾಲೂರಿನ ಬಸ್ಸಿನಲ್ಲಿ ನಾವಿಬ್ಬರು, ಕಂಡಕ್ಟರು, ಮತ್ತೆ ಒಂದು ಕುರಿ ಕಟ್ಟಿಕೊಂಡಿದ್ದ ಮುದುಕ. ಹೊಳೆಯ ದಂಡೆಯ ಮೇಲೆ ಹಿಂದಿನ ದಿನದ ಎಂಜಲೆಲೆ, ಸಜ್ಜೆರೊಟ್ಟಿಯ ಚೂರು, ಮೆಟ್ಟಿಲಿಗೆ ಮೆತ್ತಿಕೊಂಡ ಎಳ್ಳಿನ ಹಿಟ್ಟು. ಒಂದು ನರಪಿಳ್ಳೆ ಇಲ್ಲ. ಹನ್ನೆರಡು ಗಂಟೆಯ ಬಿಸಿಲು ನೆತ್ತಿಯ ಮೇಲಿತ್ತು, ನಮ್ಮ ನೆರಳು ಕಾಲಡಿಗೆ ಸೇರಿಹೋಗಿತ್ತು. ಗದಿಗೆವ್ವ ಯಾವ ಮೆಟ್ಟಿಲ ಮೇಲೆ ಕುಳಿತಿದ್ದರೋ ಅದೇ ಮೆಟ್ಟಿಲ ಮೇಲೆ ಕುಳಿತರು, ಹೊಳೆಯ ಕಡೆ ಮುಖ ಮಾಡಿ.

ನನಗೆ ಒಂದೇ ಹೆದರಿಕೆ. ಈ ಹೆಂಗಸು ದಾರದ ಹಿಂದೆ ತಾನೂ ಇಳಿದುಬಿಟ್ಟರೆ? ಅದನ್ನು ಬಾಯಿ ಬಿಟ್ಟೇ ಕೇಳಿದೆ.

“ಹುಚ್ಚಪ್ಪ” ಅಂದರು. “ನನಗೇನು ಲಿಂಗ ಇಲ್ಲೇನು? ಕೊಡಾಕ ಬಂದೀನಿ, ಹೋಗಾಕಲ್ಲ.”

ಕರಡಿಗೆಯ ಶಿವದಾರಕ್ಕೆ ರೀಲಿನ ದಾರದ ತುದಿಯನ್ನು ಕೂಡಿಸಿ ನೇಕಾರರ ಗಂಟು ಹಾಕಿದರು. ಜೋಮು ಹಿಡಿದ ಬೆರಳಿನಿಂದ ಮೂರು ಸಲ ತಪ್ಪಿ, ನಾಲ್ಕನೆಯದಕ್ಕೆ ಬಿಗಿದರು. ನನ್ನ ಕೈಗೆ ಕೊಟ್ಟು ಎಳೆದು ನೋಡಿರಿ ಅಂದರು. ಬೆರಳು ಕುಯ್ಯುವ ಹಾಗೆ ಎಳೆದೆ, ಜಗ್ಗಲಿಲ್ಲ. ಅವರು ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ನೀರಿನಲ್ಲಿ ಬಿಟ್ಟರು. ನಾನು ರೀಲಿನ ಕೊಂಡಿ ತೆರೆದೆ.

ಬೆಳ್ಳಿಯ ಕರಡಿಗೆ, ಒಳಗೆ ಕಲ್ಲಿನ ಲಿಂಗ. ಬಿಟ್ಟ ಜಾಗದಲ್ಲೇ ಮುಳುಗಬೇಕಿತ್ತು, ಮುಳುಗಿತು ಕೂಡ. ಆದರೆ ದಾರ ನಿಲ್ಲಲಿಲ್ಲ. ರೀಲಿನಿಂದ ಒಂದೊಂದೇ ಸುತ್ತು ಬಿಚ್ಚಿಕೊಳ್ಳುತ್ತ, ಒಂದೇ ಸಮನೆ, ಯಾರೋ ಅಂಗೈಯಲ್ಲಿಟ್ಟುಕೊಂಡು ಸಾವಕಾಶ ನಡೆದುಹೋಗುತ್ತಿರುವ ಹಾಗೆ ಹರಿವಿನ ಎದುರಿಗೆ ಎಡಕ್ಕೆ ಹೋಯಿತು. ಬಾಯಲ್ಲಿ ರಾಯರ ಸ್ತೋತ್ರ ಅರ್ಧಕ್ಕೇ ತಪ್ಪುತ್ತಿತ್ತು. ಗದಿಗೆವ್ವ ರೆಪ್ಪೆ ಹೊಡೆಯದೆ ನೀರನ್ನೇ ನೋಡುತ್ತಿದ್ದರು.

ದಾರ ಮುಕ್ಕಾಲು ಹೋಗಿ ನಿಂತಿತು. ಸ್ವಲ್ಪ ಹೊತ್ತು ಬಿಗಿಯಾಗಿತ್ತು. ಆಮೇಲೆ ಸಣ್ಣಗೆ ಅಲುಗಿತು, ಸಡಿಲಾಯಿತು.

“ಸುತ್ರಿ” ಅಂದರು.

ಸುತ್ತಿದೆ. ಭಾರವಿರಲಿಲ್ಲ. ಎಡಚುಂಗಿನ ಆ ಗಂಟು ಬಂತು, ಅದರ ಹಿಂದೆ ತುದಿ ಬಂತು. ತುದಿಗೆ ಏನೂ ಇರಲಿಲ್ಲ. ಕಲ್ಲಿಗೆ ತಿಕ್ಕಿ ಹರಿದಿರಬೇಕು ಎಂದು ಬಾಯಿ ತೆರೆದವನು ಹಾಗೇ ನಿಂತೆ. ಹರಿದಿರಲಿಲ್ಲ. ಕತ್ತರಿಯಿಂದ ಅವತ್ತು ಕತ್ತರಿಸಿದ ನೇರ ಅಂಚು ಹಾಗೆಯೇ ಇತ್ತು, ಗಂಟು ಕುಳಿತ ಜಾಗದಲ್ಲಿ ನೈಲಾನು ಮಡಿಕೆ ಮಡಿಕೆಯಾಗಿ ಸೊಟ್ಟಗಿತ್ತು. ಬಿಚ್ಚಿದ್ದರು.

ಗದಿಗೆವ್ವ ಆ ಸೊಟ್ಟ ತುದಿಯನ್ನು ತುಟಿಗೆ ತಾಗಿಸಿಕೊಂಡರು. ಒಮ್ಮೆ, ಎರಡು ಸಲ.

“ಮುಟ್ಟಿತು” ಅಂದರು.

ಆಮೇಲೆ ಬಗ್ಗಿ ಹೊಳೆಯ ನೀರಿನಲ್ಲಿ ಸೆರಗಿನ ತುದಿ ತೋಯಿಸಿದರು. ಹನ್ನೊಂದು ವರ್ಷ ಒಂದು ದಿನವೂ ತಪ್ಪಿಸದೆ ಇಟ್ಟುಕೊಂಡ ಹಣೆಯ ಕುಂಕುಮವನ್ನು ತಾವೇ ಒರೆಸಿಕೊಂಡರು. ಉಡಿಯಿಂದ ವಿಭೂತಿ ತೆಗೆದು ಅದೇ ಜಾಗದಲ್ಲಿ ಮೂರು ಬೆರಳು ಎಳೆದರು. ಬಳೆಗಳನ್ನು ಒಡೆಯಲಿಲ್ಲ, ಒಂದೊಂದಾಗಿ ಕಳಚಿ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟರು. ಆಗ ಅತ್ತರು, ಸಣ್ಣ ಹುಡುಗಿಯ ಹಾಗೆ ದನಿ ತೆಗೆದು. ನಾನು ಕೋಲು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ.

ಅತ್ತು ಮುಗಿದ ಮೇಲೆ ಮುಖ ತೊಳೆದುಕೊಂಡು ಎದ್ದರು.

“ನಡೀರಿ ರಾಯರ, ಬಸ್ಸು ತಪ್ಪತೈತಿ. ಮಗ್ಗದ ಮ್ಯಾಲಿನ ಸೀರಿ ಇವತ್ತ ಕೊಯ್ದು ತಗೀಬೇಕು.”